ಮೊದಲ ಪಂಕ್ತಿಗೆ ಒಂದು ವೋಟು

ಪತ್ರೊಡೆ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೆಸುವಿನ ಎಲೆಯ ತಪ್ಪೇನೂ ಇಲ್ಲ, ಮಾಡಿದವರ ಕೈರುಚಿಯ ತಪ್ಪೂ ಇಲ್ಲ. ಕಳೆದ ಆಗಸ್ಟಿನ ಒಂದು ಭಾನುವಾರ ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕ್‌ನ ಒಂದು ಅಪಾರ್ಟ್‌ಮೆಂಟಿನ ಪಾರ್ಟಿ ರೂಮಿನಲ್ಲಿ ನಮ್ಮ ಕರಾವಳಿಯವರೆಲ್ಲ ಸೇರಿ ಅದನ್ನು ಹೊಟ್ಟೆ ತುಂಬ ತಿಂದರು. ತಿನ್ನುವ ಮೊದಲು, ಇಂಗ್ಲೆಂಡಿನಲ್ಲಿ ತನ್ನ ಪಾಡಿಗೆ ಟೆನಿಸ್ ಆಡಿಕೊಂಡಿದ್ದ ಒಬ್ಬ ಹುಡುಗಿಯ ಹೆಸರಿಗೆ ಮಸಿ ಬಳಿದರು. ಬಳಿದದ್ದು ಪ್ರೀತಿಯಿಂದ. ಅದನ್ನು ಒರೆಸುವ ಕೆಲಸ ಮಾತ್ರ ನನ್ನ ತಲೆಗೆ ಬಂತು.

ನಾನು ಕೆಲಸ ಮಾಡುವುದು ಓಕ್‌ವಿಲ್‌ನ ಒಂದು ಸಣ್ಣ ಕಂಪನಿಯಲ್ಲಿ. ಬೇರೆ ಬೇರೆ ಕ್ರೀಡಾ ವೆಬ್‌ಸೈಟುಗಳಿಗೆ ಅಭಿಮಾನಿಗಳ ಮತದಾನ ನಡೆಸಿಕೊಡುವುದು ನಮ್ಮ ಕಸುಬು. ಬ್ರಿಟನ್ನಿನ ಒಂದು ಟೆನಿಸ್ ವೆಬ್‌ಸೈಟು ಪ್ರತಿ ತಿಂಗಳೂ ಆ ದೇಶದ ‘ತಿಂಗಳ ಆಟಗಾರ’ನನ್ನು ಅಭಿಮಾನಿಗಳಿಂದಲೇ ಆರಿಸುತ್ತದೆ. ಅವರು ನಾಲ್ಕು ಹೆಸರು ಕೊಡುತ್ತಾರೆ. ನಾನು ಪ್ರತಿಯೊಬ್ಬರಿಗೂ ಒಂದು ಫೋಟೊ, ಮೂರು ಸಾಲು ಪರಿಚಯ, ಅವರ ಆಟದ ಒಂದು ಚಿಕ್ಕ ವಿಡಿಯೊ ಕತ್ತರಿಸಿ ಜೋಡಿಸಿ ಪುಟ ತೆರೆಯುತ್ತೇನೆ. ಒಂದು ವಾರ ಜನ ವೋಟು ಹಾಕುತ್ತಾರೆ. ವೋಟು ನ್ಯಾಯವಾಗಿ ಬೀಳುತ್ತಿದೆಯೇ ಎಂದು ಕಾಯುವುದೂ ನಾನೇ, ಕೊನೆಗೆ ವರದಿ ಕಳಿಸುವುದೂ ನಾನೇ.

ಆ ಸಲ ನಾಲ್ವರಲ್ಲಿ ಒಬ್ಬ ಎಲ್ಲರಿಗೂ ಮುಖ ಗೊತ್ತಿರುವ ದೊಡ್ಡ ಆಟಗಾರ, ಆ ತಿಂಗಳು ಒಂದು ದೊಡ್ಡ ಕಪ್ಪು ಗೆದ್ದಿದ್ದ. ಇನ್ನೊಬ್ಬ ಡಬಲ್ಸ್ ಆಡುವವನು, ಮತ್ತೊಬ್ಬಳು ವೀಲ್‌ಚೇರ್ ಟೆನಿಸ್ ಆಟಗಾರ್ತಿ. ನಾಲ್ಕನೆಯವಳೇ ಈ ಹುಡುಗಿ. ಇಪ್ಪತ್ತು ದಾಟಿದ್ದಾಳೋ ಇಲ್ಲವೋ. ಯಾರೂ ನೋಡದ ಎರಡು ಸಣ್ಣ ಟೂರ್ನಮೆಂಟುಗಳಲ್ಲಿ ಅರ್ಹತಾ ಸುತ್ತಿನಿಂದ ಮೇಲೆ ಬಂದು ಎರಡನ್ನೂ ಬೆನ್ನು ಬೆನ್ನಿಗೆ ಗೆದ್ದಿದ್ದಳು. ಅವಳ ಮನೆತನದ ಹೆಸರು ನಮ್ಮ ಉಡುಪಿ ಕಡೆಯದ್ದು. ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸದ ವಿಷಯ ಮನೆಯಲ್ಲಿ ಆಡುವ ಹಾಗಿಲ್ಲ, ಹಾಗಾಗಿ ತುಟಿ ಬಿಚ್ಚಲಿಲ್ಲ.

ಅವಳ ವಿಡಿಯೊ ಕತ್ತರಿಸುವುದೇ ಒಂದು ಸಾಹಸವಾಯಿತು. ದೊಡ್ಡವನದ್ದಾದರೆ ಹತ್ತು ಕ್ಯಾಮೆರಾ, ಬೇಕಾದ ಕೋನ ಬೇಕಾದಷ್ಟು ಸಿಗುತ್ತದೆ. ಇವಳದ್ದು ಅಂಗಣದ ಹಿಂದೆ ಕಂಬಕ್ಕೆ ಕಟ್ಟಿದ ಒಂದೇ ಕ್ಯಾಮೆರಾ. ಬೆಂಚಿನ ಮೇಲೆ ಮೂರು ನಾಲ್ಕು ಜನ, ಒಂದು ನಾಯಿ. ಆದರೆ ಏನು ಆಟ! ಅವಳು ಎಡಗೈಯವಳು. ಚೆಂಡು ಮೇಲಕ್ಕೆಸೆದು ಎಡಗೈಯಲ್ಲಿ ಸರ್ವ್ ಮಾಡಿದರೆ ಅದು ಹೊರಕ್ಕೆ ಹೊರಳಿ ಎದುರಾಳಿಯನ್ನು ಬಿಳಿ ಗೆರೆಯಾಚೆ ಎಳೆದುಕೊಂಡು ಹೋಗುತ್ತಿತ್ತು. ವಾಪಸ್ ಬಂದ ಚೆಂಡಿಗೆ ಇಡೀ ಅಂಗಣ ಖಾಲಿ. ಒಂದೇ ಸರ್ವ್ ಅನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದೆನೋ ಲೆಕ್ಕವಿಲ್ಲ.

ಮತದಾನ ಶುರುವಾಯಿತು. ಎಂದಿನಂತೆ ದೊಡ್ಡವನು ಮುಂದೆ. ವಾರದ ನಡುವೆ ಈ ಹುಡುಗಿ ಮೆಲ್ಲನೆ ಏರತೊಡಗಿದಳು. ನನಗೇ ಅನುಮಾನ ಬಂದು ಅವಳ ವೋಟುಗಳನ್ನು ಜಾಲಾಡಿದೆ. ಅವಳ ಊರಿನ ಸುತ್ತಮುತ್ತಲಿನವು, ಬೇರೆ ಬೇರೆ ಫೋನಿನವು, ದಿನವಿಡೀ ಚದುರಿ ಬಂದವು. ಕ್ಲಬ್ಬಿನವರು, ಅಲ್ಲಿ ಆಡುವ ಮಕ್ಕಳ ಅಪ್ಪ ಅಮ್ಮಂದಿರು ಇರಬೇಕು ಅಂದುಕೊಂಡೆ. ಒಂದರಲ್ಲೂ ಹುಳುಕಿರಲಿಲ್ಲ. ಶನಿವಾರ ಸಂಜೆ ಅವಳು ದೊಡ್ಡವನನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದಳು. ಈ ಮಾತನ್ನು ಓದುವವರು ದಯವಿಟ್ಟು ನೆನಪಿನಲ್ಲಿಡಬೇಕು.

ಅದೇ ಶನಿವಾರ ನಮ್ಮ ಸ್ಕಾರ್‌ಬರೋ ಮನೆಯ ಅಡುಗೆಮನೆಯಲ್ಲಿ ಅತ್ತೆ ಪತ್ರೊಡೆ ಮಾಡುತ್ತಿದ್ದರು. ಆಟಿ ತಿಂಗಳಲ್ಲಿ, ಅಂದರೆ ತುಳುವರ ಆಷಾಢದಲ್ಲಿ, ನಮ್ಮ ಕರಾವಳಿ ಸಂಘದವರು ಒಂದು ದಿನ ಸೇರಿ ಊರಿನ ಅಡುಗೆ ಮಾಡಿ ಉಣ್ಣುವುದು ಇಲ್ಲಿಯೂ ನಡೆದುಬಂದಿದೆ. ಆಟಿಯಲ್ಲಿ ಕುಡಿಯುವ ಕಷಾಯಕ್ಕೆ ಪಾಲೆ ಮರದ ತೊಗಟೆ ಸಿಗದ ಕಾರಣ ಮೆಂತೆ ಓಮದಲ್ಲೇ ಸುಧಾರಿಸುತ್ತಾರೆ. ಕೆಸುವಿನ ಎಲೆ ಮಾತ್ರ ನಮ್ಮ ಬೀದಿಯ ತಮಿಳರ ಅಂಗಡಿಯಲ್ಲಿ ಸಿಗುತ್ತದೆ. ಅತ್ತೆ ಎಡಗೈಯಲ್ಲಿ ಎಲೆಗೆ ಹಿಟ್ಟು ಸವರುತ್ತಿದ್ದರು. ಪಕ್ಕದ ಮನೆಯವರು ಒಳಗೆ ಬಂದದ್ದೇ ಅತ್ತೆ ಕೈ ತೊಳೆದು ಬಲಗೈಯಲ್ಲಿ ಸವರತೊಡಗಿದರು. ನಾನು ಅದನ್ನು ನೋಡಿದೆ, ಏನೂ ಕೇಳಲಿಲ್ಲ.

ಭಾನುವಾರ ಮತದಾನದ ಕೊನೆಯ ದಿನ, ನಾನು ಕಾವಲು ಕೂರಬೇಕಿತ್ತು. ಗಂಡನಿಗೆ ಶಿಫ್ಟು. ಅತ್ತೆಯನ್ನು ಪಕ್ಕದ ಮನೆಯವರೇ ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೊಸರನ್ನ ತಿನ್ನುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಕೆಂಪು ಗುರುತು ಬಂತು.

ಅದು ಯಾಕೆ ಬರುತ್ತದೆ ಎಂದು ಹೇಳಿಬಿಡುತ್ತೇನೆ. ವೋಟು ಹಾಕುವವರು ತಮ್ಮ ಇಮೇಲ್ ಬರೆಯಬೇಕು, ಅದಕ್ಕೆ ಬರುವ ಲಿಂಕ್ ಒತ್ತಿದ ಮೇಲೆಯೇ ವೋಟು ಲೆಕ್ಕಕ್ಕೆ. ಒಂದು ಇಮೇಲಿಗೆ ಒಂದೇ ವೋಟು. ಜೊತೆಗೆ ನಮ್ಮ ಯಂತ್ರ ಇನ್ನೆರಡು ವಿಷಯ ನೋಡುತ್ತದೆ: ಯಾವ ಇಂಟರ್ನೆಟ್ ಸಂಪರ್ಕದಿಂದ ಬಂತು, ಯಾವ ಫೋನು ಅಥವಾ ಟ್ಯಾಬ್ಲೆಟ್‌ನಿಂದ ಬಂತು. ಸ್ವಲ್ಪ ಹೊತ್ತಿನಲ್ಲಿ ಒಂದೇ ಕಡೆಯಿಂದ, ಒಂದೇ ಸಾಧನದಿಂದ ರಾಶಿ ವೋಟು ಬಿದ್ದರೆ ಕೆಂಪಾಗುತ್ತದೆ. ಹಾಗೆ ಕೆಂಪಾದವನ್ನು ಮಾತ್ರ ಬಿಡಿಸಿ ನೋಡುವ ಅಧಿಕಾರ ನನಗಿದೆ.

ಬಿಡಿಸಿದೆ. ಎಲ್ಲವೂ ಈ ಹುಡುಗಿಗೆ ಬಿದ್ದ ವೋಟು. ಊರು ಟೊರೊಂಟೊ. ಇನ್ನೂ ಬಿಡಿಸಿದರೆ ಥಾರ್ನ್‌ಕ್ಲಿಫ್ ಪಾರ್ಕ್. ಇಮೇಲುಗಳೆಲ್ಲ ಒಂದೇ ಅಚ್ಚಿನವು, ಹೆಸರು, ಚುಕ್ಕೆ, ಹುಟ್ಟಿದ ವರ್ಷ. ಹೆಸರುಗಳೋ, ನಮ್ಮ ಊರಿನ ಹಳೇ ಕಾಲದ ಹೆಂಗಸರ, ಗಂಡಸರ ಹೆಸರುಗಳು. ಕೆಳಗೆ ಇಳಿಯುತ್ತಾ ಹೋದ ಹಾಗೆ ಒಂದು ಹೆಸರು ಬಂತು, ಪಕ್ಕದಲ್ಲಿ ನನ್ನ ಗಂಡನ ಮನೆತನದ ಹೆಸರು. ನಮ್ಮ ಅತ್ತೆ! ಇಮೇಲ್ ಎಂದರೆ ಏನೆಂದು ಗೊತ್ತಿದ್ದರೂ ಒಂದು ದಿನವೂ ಇಟ್ಟುಕೊಳ್ಳದ ನಮ್ಮ ಅತ್ತೆ, ಅಚ್ಚುಕಟ್ಟಾಗಿ ಲಿಂಕ್ ಒತ್ತಿ ಬ್ರಿಟನ್ನಿನ ಟೆನಿಸ್ಸಿಗೆ ವೋಟು ಹಾಕಿದ್ದರು.

ಕೂಡಲೇ ಫೋನ್ ಮಾಡಿದೆ. ಹಿಂದೆ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ.

“ಅತ್ತೆ, ಅಲ್ಲಿ ಎಂತದಾದ್ರೂ ವೋಟಿಂಗ್ ಮಾಡಿಸ್ತಾ ಇದ್ದಾರಾ?”

“ಹೌದು ಮಾರಾಯ್ತಿ, ಬಾಗಿಲಲ್ಲೇ ಮೇಜು ಹಾಕಿದ್ದಾರೆ. ವೋಟು ಹಾಕಿದವರಿಗೆ ಮೊದಲ ಪಂಕ್ತಿಯ ಟೋಕನ್. ನನ್ನದು ಟ್ರೆಷರರ ಅಳಿಯ ಮೊದಲೇ ಹಾಕಿ ಇಟ್ಟಿದ್ದನಂತೆ. ನಾನು ಬರೀ ಟೋಕನ್ ತೆಗೊಂಡು ಕೂತೆ.”

ಯಾರಿಗೆ ಹಾಕಿದ್ದು ಎಂದು ಕೇಳಿದೆ. “ನಮ್ಮ ಕಡೆಯ ಹುಡುಗಿಯಂತೆ, ಲಂಡನ್ನಲ್ಲಿ. ಬ್ಯಾಡ್ಮಿಂಟನ್ ಆಡ್ತಾಳಂತೆ,” ಎಂದರು ಅತ್ತೆ.

ನಮ್ಮವರ ಊಟ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಪಾರ್ಟಿ ರೂಮು ಚಿಕ್ಕದು, ಎಲ್ಲರಿಗೂ ಒಟ್ಟಿಗೆ ಕೂರಲು ಜಾಗವಿಲ್ಲ. ಹಾಗಾಗಿ ಪಂಕ್ತಿ ಮೇಲೆ ಪಂಕ್ತಿ. ಮೊದಲ ಪಂಕ್ತಿಗೆ ಬಿಸಿ ಬಿಸಿ ಪತ್ರೊಡೆ, ಇಡೀ ಇಡೀ ಹೋಳು. ಎರಡನೆಯದಕ್ಕೆ ಪುಡಿ. ಮೂರನೆಯದಕ್ಕೆ ಸಾರು, ಉಪ್ಪಿನಕಾಯಿ, “ಕ್ಷಮಿಸಿ ಆಯ್ತಾ”. ಮೊದಲ ಪಂಕ್ತಿಗಾಗಿ ನಮ್ಮವರು ಹೆತ್ತ ಮಕ್ಕಳನ್ನೂ ಹಿಂದೆ ತಳ್ಳುತ್ತಾರೆ. ಇನ್ನು ಒಂದು ಬೆರಳು ಒತ್ತುವುದು ಯಾವ ದೊಡ್ಡ ಮಾತು? ಸಂಘದ ಒಬ್ಬರಿಗೆ ಲಂಡನ್ನಿನಲ್ಲಿರುವ ತಮ್ಮ ಸಂಬಂಧಿಕರಿಂದ ಲಿಂಕ್ ಬಂದಿತ್ತಂತೆ. ಸಂಘದ ಅಧ್ಯಕ್ಷರಿಗೆ ಈ ಉಪಾಯ ಹೊಳೆಯಿತಂತೆ. ಟ್ರೆಷರರ ಅಳಿಯ ಸಾಫ್ಟ್‌ವೇರಿನವನು. ಇಮೇಲ್ ಇಲ್ಲದ ಹಿರಿಯರಿಗೆಲ್ಲ ಹಿಂದಿನ ದಿನವೇ ಕೂತು ಇಮೇಲ್ ಸೃಷ್ಟಿಸಿದನಂತೆ. ಇಷ್ಟು ಶ್ರದ್ಧೆಯನ್ನು ಆ ಮನುಷ್ಯ ಬೇರೆ ಯಾವ ಕೆಲಸಕ್ಕಾದರೂ ತೋರಿಸಿದ್ದರೆ ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು.

ಆದರೂ ಆ ಹೊತ್ತಿಗೆ ನನ್ನ ತಲೆ ನೆಟ್ಟಗಿತ್ತು. ಥಾರ್ನ್‌ಕ್ಲಿಫ್‌ನಿಂದ ಬಂದ ವೋಟುಗಳನ್ನೆಲ್ಲ, ಒಂದೂ ಬಿಡದೆ, ಪಕ್ಕಕ್ಕೆ ತೆಗೆದಿಟ್ಟೆ. ಅದರಲ್ಲಿ ನಿಜವಾಗಿಯೂ ಸ್ವಂತ ಫೋನಿನಿಂದ ಹಾಕಿದವರೂ ಇದ್ದರು, ಅವರದ್ದೂ ಹೋಯಿತು. ಹೋಗಲಿ. ತೆಗೆದ ಮೇಲೂ ಹುಡುಗಿಯೇ ಮುಂದಿದ್ದಳು. ಸಂಜೆ ಮತದಾನ ಮುಗಿದಾಗಲೂ ಮುಂದಿದ್ದಳು. ವರದಿಯಲ್ಲಿ ಇಂಥಲ್ಲಿಂದ ಬಂದ ಇಷ್ಟು ವೋಟು ಕಳೆದಿದೆ ಎಂದು ಬರೆದು ಕಳಿಸಿ, ಮುಗಿಯಿತಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಮುಗಿದಿರಲಿಲ್ಲ. ಸೋಮವಾರ ಆಫೀಸಿಗೆ ಹೋಗುವಷ್ಟರಲ್ಲಿ ಆ ಟೆನಿಸ್ ವೆಬ್‌ಸೈಟಿನ ಲಂಡನ್ ಸಂಪಾದಕಿಯ ಉತ್ತರ ಬಂದಿತ್ತು. ಹುಡುಗಿಯನ್ನು ಪಟ್ಟಿಯಿಂದಲೇ ತೆಗೆಯಿರಿ. ಪುಟದಲ್ಲಿ ಅವಳ ಫೋಟೊದ ಜಾಗದಲ್ಲಿ ಒಂದು ಸಾಲು ಹಾಕಿರಿ: ಮತದಾನದಲ್ಲಿ ಅಕ್ರಮ ಕಂಡುಬಂದ ಕಾರಣ ಈ ಆಟಗಾರ್ತಿಯನ್ನು ಕೈಬಿಡಲಾಗಿದೆ.

ನಾನು ಅದನ್ನು ಮತ್ತೆ ಮತ್ತೆ ಓದಿದೆ. ದೊಡ್ಡವನ ಹೆಸರಿನ ಪಕ್ಕ ಇಂಥ ಸಾಲು ಬಂದರೆ ಏನೂ ಆಗುವುದಿಲ್ಲ, ಅವನ ಬಗ್ಗೆ ಓದಲು ಸಾವಿರ ಪುಟಗಳಿವೆ. ಈ ಹುಡುಗಿಯ ಬಗ್ಗೆ ಎಲ್ಲ ಸೇರಿ ಒಂದು ಹತ್ತು ಸಾಲು ಸಿಕ್ಕೀತು. ಇನ್ನು ಮುಂದೆ ಯಾವ ಟೂರ್ನಮೆಂಟಿನವರು, ಯಾವ ರ‍್ಯಾಕೆಟ್ ಕಂಪನಿಯವರು ಅವಳ ಹೆಸರು ಹುಡುಕಿದರೂ ಮೊದಲು ಎದುರಾಗುವುದು ‘ಅಕ್ರಮ’ ಎಂಬ ಪದ. ಅವಳು ಮಾಡಿದ್ದಾದರೂ ಏನು? ಎರಡು ಕಪ್ಪು ಗೆದ್ದದ್ದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದನ್ನು ನಾನು ಅಲ್ಲಿಯವರೆಗೆ ಗಾದೆ ಎಂದಷ್ಟೇ ತಿಳಿದಿದ್ದೆ.

ಮ್ಯಾನೇಜರ್ ಬ್ರಾಂಪ್ಟನ್ನಿನ ಪಂಜಾಬಿ. ಕೆಟ್ಟವನಲ್ಲ, ಆದರೆ ಕ್ಲೈಂಟ್ ಎತ್ತು ಈಯಿತು ಅಂದರೆ ಕರು ಕಟ್ಟಲು ಹಗ್ಗ ಹುಡುಕುವ ಜಾತಿ. ಅವನ ಕೋಣೆಗೆ ಹೋಗಿ ವಾದ ಮಾಡಿದೆ. ಕೆಟ್ಟ ವೋಟು ಕಳೆದಾಗಿದೆ, ಕಳೆದ ಮೇಲೂ ಅವಳೇ ಮುಂದೆ, ಇದರಲ್ಲಿ ಅವಳ ಕೈವಾಡವಿದೆ ಎನ್ನಲು ಪುರಾವೆ ಎಲ್ಲಿದೆ ಎಂದು ಕೇಳಿದೆ. ಕೈವಾಡ ಇಲ್ಲ ಎನ್ನಲು ಪುರಾವೆ ಎಲ್ಲಿದೆ ಎಂದು ಅವನು ತಿರುಗಿ ಕೇಳಿದ. ನಂತರ ಕುರ್ಚಿಗೆ ಒರಗಿ, “ಛೋಡೋ ನಾ ಯಾರ್, ಅವರ ಸೈಟು, ಅವರ ಹುಡುಗಿ. ನಮಗೇನು?” ಎಂದ.

ನಮಗೇನು! ಪುರಾವೆ ನನ್ನ ಬಾಯಲ್ಲೇ ಇತ್ತು. ಆ ವೋಟು ಹಾಕಿಸಿದವರು ಯಾರು, ಯಾಕೆ, ಯಾವ ಸಾರಿನ ಪಕ್ಕದಲ್ಲಿ ಎಂಬುದೆಲ್ಲ ನನಗೆ ಗೊತ್ತಿತ್ತು. ಹೇಳಿದರೆ ಮಾತ್ರ ನನ್ನ ಕುತ್ತಿಗೆಗೇ ಬರುತ್ತಿತ್ತು. ವೋಟು ಕಾಯುವವಳ ಅತ್ತೆಯೇ ಕಳ್ಳವೋಟಿನವರ ನಡುವೆ ಸಿಕ್ಕಿದ್ದಾರೆ ಎಂದರೆ, ಒಳಗಿನಿಂದಲೇ ಆದ ಕೆಲಸ ಎನ್ನಲು ಯಾರಿಗೂ ಹೆಚ್ಚು ಹೊತ್ತು ಬೇಡ. ನನ್ನ ಗುತ್ತಿಗೆ ಆ ತಿಂಗಳೇ ಮುಗಿಯುವುದಿತ್ತು. ಬೆಳಿಗ್ಗೆಯೆಲ್ಲ ಬೇರೆ ಕೆಲಸ ಮಾಡುವವಳಂತೆ ಕೂತು, ಆ ಹುಡುಗಿಯ ವಿಡಿಯೊವನ್ನು ಸದ್ದಿಲ್ಲದೆ ಹಾಕಿಕೊಂಡು ನೋಡಿದೆ. ಮಧ್ಯಾಹ್ನ ಎದ್ದು ಮತ್ತೆ ಮ್ಯಾನೇಜರನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವನು ಮೊದಲು ನಕ್ಕ. ನಾನು ನಗದೇ ಇದ್ದದ್ದು ನೋಡಿ ಬಾಗಿಲು ಹಾಕಿದ. ಆಮೇಲೆ ಕೇಳಬೇಕಾದ ಮಾತುಗಳನ್ನೆಲ್ಲ ಕೇಳಿದ, ಕೇಳಬಾರದ್ದನ್ನೂ ಕೇಳಿದ. ನಾನು ಹೇಳಿದ್ದು ಇಷ್ಟು: ಈ ಕ್ಷಣದಿಂದ ಈ ಮತದಾನದ ಒಂದು ಅಂಕಿಯನ್ನೂ ನಾನು ಮುಟ್ಟುವುದಿಲ್ಲ. ಇನ್ನೊಬ್ಬರನ್ನು ಕೂರಿಸಿ. ಆದರೆ ಅವಳನ್ನು ಹಚ್ಚಿದ ಒರೆಗೇ ನಾಲ್ವರನ್ನೂ ಹಚ್ಚಿ.

ಅದು ನನ್ನ ಬಹಳ ದಿನದ ಸಿಟ್ಟು. ನಮ್ಮ ಯಂತ್ರ ರಾಶಿಯನ್ನು ಹಿಡಿಯುತ್ತದೆ, ಚಿಲ್ಲರೆಯನ್ನು ಬಿಡುತ್ತದೆ. ಒಬ್ಬ ಅಭಿಮಾನಿ ತನ್ನ ಮನೆಯ ಸೋಫಾದಲ್ಲಿ ಕೂತು ಒಂದೇ ಫೋನಿನಿಂದ ಎಂಟು ಹತ್ತು ಇಮೇಲಿನಲ್ಲಿ ವೋಟು ಹಾಕಿದರೆ ಕೆಂಪಾಗುವುದೇ ಇಲ್ಲ. ಅಂಥವರು ಊರು ತುಂಬ ಇದ್ದರೂ ಕೆಂಪಾಗುವುದಿಲ್ಲ. ನನ್ನ ಬದಲಿಗೆ ಕೂತ ಸಹೋದ್ಯೋಗಿ ಸಂಜೆಯೊಳಗೆ ಸೋಸಿ ತೆಗೆದಾಗ ದೊಡ್ಡವನ ವೋಟಿನಲ್ಲಿ ಅಂಥ ಚಿಲ್ಲರೆ ಬೇಕಾದಷ್ಟು ಸಿಕ್ಕಿತು. ನಮ್ಮವರು ಸಾಲಿನಲ್ಲಿ ನಿಂತು ಕದ್ದರು, ಕಳ್ಳರಾದರು. ಅವರು ಮನೆಯಲ್ಲಿ ಕೂತು ಕದ್ದರು, ಅಭಿಮಾನಿಗಳು ಎನಿಸಿಕೊಂಡರು. ನಾಲ್ವರನ್ನೂ ತೊಳೆದ ಮೇಲೆ ಹುಡುಗಿ ಇನ್ನಷ್ಟು ಮುಂದಿದ್ದಳು.

ಸಂಪಾದಕಿಗೆ ಇದೆಲ್ಲ ಹೋಯಿತು. ಆಕೆ ಒಂದು ದಾರಿ ತೋರಿಸಿದಳು. ಆ ಸಭೆಯಲ್ಲಿ ಇದ್ದ ಯಾರಾದರೂ ನಾಳೆ ಬೆಳಿಗ್ಗೆ ಕರೆಗೆ ಬಂದು, ಇದರಲ್ಲಿ ಆಟಗಾರ್ತಿಯ ಕಡೆಯವರು ಯಾರೂ ಇರಲಿಲ್ಲ ಎಂದು ತಮ್ಮ ಹೆಸರು ಹೇಳಿ ಒಪ್ಪಿಕೊಂಡರೆ ಆ ಸಾಲು ಹಾಕುವುದಿಲ್ಲ.

ಓಕ್‌ವಿಲ್‌ನಿಂದ ರೈಲು ಹಿಡಿದು, ಸಬ್‌ವೇ ಬದಲಿಸಿ, ಬಸ್ಸು ಹತ್ತಿ ನೆಟ್ಟಗೆ ಅಧ್ಯಕ್ಷರ ಮನೆಗೆಂದು ಥಾರ್ನ್‌ಕ್ಲಿಫ್‌ಗೆ ಹೋದೆ. ಅಧ್ಯಕ್ಷರು ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾಗಿ ಮಗಳ ಜೊತೆ ಬಂದವರು. ಯಾರ ಮನೆಯಲ್ಲಿ ಸಾವಾಗಲಿ, ಹೆರಿಗೆಯಾಗಲಿ, ಮೊದಲು ಓಡಿಬರುವ ಮನುಷ್ಯ. ಅದಕ್ಕೇ ನನಗೆ ಇನ್ನೂ ಸಿಟ್ಟು. ಬಾಗಿಲು ತೆಗೆದದ್ದೇ ನಗುತ್ತಾ ಒಳಗೆ ಕರೆದು ಚಹಾ ತರಿಸಿದರು. ನಾನು ನಿಂತುಕೊಂಡೇ ವಿಷಯ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಊರಿನ ಟಿವಿ ಹಾಡಿನ ಸ್ಪರ್ಧೆಗೆ ಎಲ್ಲರೂ ಹೀಗೆಯೇ ತಾನೇ ವೋಟು ಹಾಕಿಸುವುದು, ನಾಲ್ಕು ಜನ ಸೇರಿ ನಮ್ಮ ಮಗುವಿಗೆ ಒಂದು ಕೈ ಕೊಟ್ಟರೆ ಅದರಲ್ಲಿ ಎಂತ ತಪ್ಪು ಎಂದರು.

“ಅಣ್ಣ, ನಮ್ಮ ಮಗು ಅಂತೀರಲ್ಲ. ಅವಳು ಆಡಿದ ಒಂದು ಮ್ಯಾಚಾದ್ರೂ ನೋಡಿದ್ದೀರಾ?”

“ಅದೆಲ್ಲ ಯಾಕೆ? ನಮ್ಮವಳು ಅಂತ ಗೊತ್ತಿದ್ರೆ ಸಾಕಲ್ವಾ.”

“ಬಲಗೈಯಲ್ಲಿ ಆಡ್ತಾಳೋ ಎಡಗೈಯಲ್ಲೋ? ಅಷ್ಟು ಹೇಳಿ.”

ಅವರು ಹೆಂಡತಿಯ ಮುಖ ನೋಡಿದರು. ಅವರ ಹೆಂಡತಿ ಚಹಾದ ಲೋಟ ನೋಡಿದರು. “ಬಲಗೈ ಇರ್ಬೇಕು,” ಎಂದರು ಅಧ್ಯಕ್ಷರು.

ನಾಳೆಯ ಕರೆಗೆ ಬನ್ನಿ, ಎರಡು ಮಾತು ಹೇಳಿದರೆ ಸಾಕು ಎಂದು ಕೇಳಿಕೊಂಡೆ. ಸಿಟ್ಟು ನುಂಗಿಕೊಂಡೇ ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, ಸಂಘದ ಹೆಸರು ಹೊರಗೆ ಹೋಗುವುದು ಸರಿಯಲ್ಲ, ಕಮಿಟಿಯಲ್ಲಿ ಇಡಬೇಕಾಗುತ್ತದೆ, ನೀನು ಸಣ್ಣವಳು, ಇದನ್ನೆಲ್ಲ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಇಪ್ಪತ್ತು ವರ್ಷದ ಹುಡುಗಿಯ ಹೆಸರು ಹೋದರೂ ಪರವಾಗಿಲ್ಲ, ವರ್ಷಕ್ಕೆರಡು ಸಲ ಸೇರಿ ಉಣ್ಣುವ ಸಂಘದ ಹೆಸರು ಉಳಿಯಬೇಕು! ಇದನ್ನು ಅವರ ಮುಖಕ್ಕೇ ಹೇಳಿದೆ. ಚಹಾ ಮುಟ್ಟದೆ ಲಿಫ್ಟಿನ ಬಳಿಗೆ ಬಂದೆ. ಹಿರಿಯರ ಮನೆಯಿಂದ ಹಾಗೆ ಹೊರಟು ಬಂದದ್ದು ಅದೇ ಮೊದಲು.

ಮನೆಗೆ ಬಂದು ಚೀಲ ಎಸೆದು ಕೂಗಾಡಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಅವರು ಉಡುಪಿಯ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಆಯುಷ್ಯ ಕಳೆದವರು, ಕೂಗಾಡುವವರನ್ನು ಕಂಡು ಹೆದರುವ ಅಭ್ಯಾಸವಿಲ್ಲ. ನನ್ನ ಕೂಗಾಟ ಮುಗಿದ ಮೇಲೆ ಕೇಳಿದರು, “ಆ ಸುಳ್ಳು ವೋಟಲ್ಲಿ ನನ್ನ ಹೆಸರೂ ಉಂಟಲ್ಲ?” ಉಂಟು ಎಂದೆ. “ಹಾಗಾದ್ರೆ ನಾನೇ ಹೇಳ್ತೇನೆ. ಫೋನ್ ಹೇಗೆ ಹಿಡೀಬೇಕು ಅಂತ ಮಾತ್ರ ನೀನು ತೋರಿಸು.”

ಮರುದಿನ ಬೆಳಿಗ್ಗೆ ಅತ್ತೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತರು. ನಾನು ಪಕ್ಕಕ್ಕೆ ಸರಿದು, ಕ್ಯಾಮೆರಾಕ್ಕೆ ಕಾಣದ ಹಾಗೆ ನಿಂತೆ. ಒಂದು ಚೌಕದಲ್ಲಿ ಸಂಪಾದಕಿ, ಇನ್ನೊಂದರಲ್ಲಿ ನಮ್ಮ ಮ್ಯಾನೇಜರ್. ಅತ್ತೆಯದ್ದು ಅರ್ಜಿ ನಮೂನೆಗಳ ಇಂಗ್ಲಿಷು, ಆದರೆ ತಡವರಿಸುವುದಿಲ್ಲ. ಹೆಸರು, ವಯಸ್ಸು, ಊರು ಹೇಳಿ ಶುರು ಮಾಡಿದರು. ಅಲ್ಲಿರುವುದು ನನ್ನ ಹೆಸರು, ಆದರೆ ನನ್ನ ವೋಟಲ್ಲ. ಊಟದ ಟೋಕನ್ನಿಗಾಗಿ ಹೆಸರು ಕೊಟ್ಟೆ. ಅದು ಟೆನಿಸ್ ಎಂದು ನನಗೆ ನಿನ್ನೆ ಗೊತ್ತಾಯಿತು. ಆ ಹುಡುಗಿಗೆ ನಾವು ಯಾರೆಂದು ಗೊತ್ತಿಲ್ಲ, ನಮಗೂ ಅವಳು ಯಾರೆಂದು ಗೊತ್ತಿಲ್ಲ. ಅಲ್ಲಿದ್ದವರೆಲ್ಲ ನನ್ನಂಥವರೇ. ತಪ್ಪು ಬರೆಯುವುದಿದ್ದರೆ ನನ್ನ ಹೆಸರು ಬರೆಯಿರಿ, ಅವಳದ್ದು ಬೇಡ.

ಮ್ಯಾನೇಜರ್ ಪೆನ್ನು ತಿರುಗಿಸುವುದನ್ನು ನಿಲ್ಲಿಸಿದ್ದ. ಆಮೇಲೆ ಸಂಪಾದಕಿ ಅತ್ತೆಗೆ ಕೃತಜ್ಞತೆ ಹೇಳಿ, ಆ ಸಾಲು ಹಾಕುವುದಿಲ್ಲ ಎಂದಳು.

ಮಧ್ಯಾಹ್ನ ನಿರ್ಧಾರ ಬಂತು. ಸಾಲು ಇಲ್ಲ. ಹುಡುಗಿಯ ಫೋಟೊ, ಪರಿಚಯ, ವಿಡಿಯೊ ಎಲ್ಲ ಇದ್ದಲ್ಲೇ ಇರುತ್ತದೆ. ಆದರೆ ತಿಂಗಳ ಆಟಗಾರ ಎಂದು ಹೆಸರಿಸುವುದು ಎರಡನೆಯ ಸ್ಥಾನದಲ್ಲಿದ್ದ ದೊಡ್ಡವನನ್ನು. ಇಷ್ಟು ಗೊಂದಲವಾದ ಮೇಲೆ ಅವಳಿಗೆ ಕೊಟ್ಟರೆ ಪ್ರಶ್ನೆ ಏಳುತ್ತದೆ ಎಂದು ಮೇಲಿನವರು ಹೇಳಿದರಂತೆ. ಅವನಿಗೆ ಕೊಟ್ಟರೆ ಯಾರೂ ಪ್ರಶ್ನೆ ಕೇಳುವುದಿಲ್ಲವಂತೆ. ಸೋಸಿದ ಅಂಕಿ ಎದುರಿಗೇ ಇದೆ, ಅವಳೇ ಗೆದ್ದಿದ್ದಾಳೆ ಎಂದು ಮ್ಯಾನೇಜರನ ಹತ್ತಿರ ಜಗಳ ಮಾಡಿದೆ. ಅವನು ಈ ಸಲ ‘ಛೋಡೋ’ ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು, ಇಷ್ಟಾದರೂ ಆಯಿತಲ್ಲ ಎಂದ. ನಾನು ಸಂಬಂಧ ಹೇಳಿಕೊಂಡವಳು, ಪುಟ ಮುಟ್ಟುವಂತಿರಲಿಲ್ಲ. ದೊಡ್ಡವನ ನಗುವ ಫೋಟೊವನ್ನು ಮ್ಯಾನೇಜರೇ ಮೇಲಕ್ಕೆ ಏರಿಸಿದ. ನನ್ನ ಗುತ್ತಿಗೆ ಮುಂದುವರಿಯಿತು, ಟೆನಿಸ್ ಮಾತ್ರ ಕೈತಪ್ಪಿತು. ಈಗ ಕರ್ಲಿಂಗ್ ನೋಡಿಕೊಳ್ಳುತ್ತೇನೆ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಪೊರಕೆಯಿಂದ ಉಜ್ಜುವ ಆಟ.

ಅಲ್ಲಿಗಾದರೂ ಸುಮ್ಮನಿರಬಹುದಿತ್ತು ನಮ್ಮವರು. ಫಲಿತಾಂಶ ಬಂದ ದಿನವೇ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಅಧ್ಯಕ್ಷರ ಸಂದೇಶ ಬಂತು. ನಾವು ಇಷ್ಟು ಒಗ್ಗಟ್ಟಿನಿಂದ ವೋಟು ಹಾಕಿದರೂ ಬಿಳಿಯರು ನಮ್ಮ ಹುಡುಗಿಗೆ ಮೋಸ ಮಾಡಿಬಿಟ್ಟರು, ಮುಂದಿನ ಸಲ ಇನ್ನೂ ಹೆಚ್ಚು ಜನ ಹಾಕೋಣ. ಕೆಳಗೆ ಸಾಲು ಸಾಲು ಕೈಮುಗಿಯುವ ಚಿತ್ರಗಳು. ನಿನ್ನೆ ಮೊನ್ನೆ ಕಿಟಕಿಯ ಕಡೆ ಮುಖ ತಿರುಗಿಸಿದ್ದ ಮನುಷ್ಯ! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲ್ಲ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅಂಕಿಗಳನ್ನು ಹೊರಗೆ ಹೇಳುವಂತಿಲ್ಲ, ಹೇಳಲಿಲ್ಲ. ಬರೆದದ್ದು ಇಷ್ಟೇ: “ಶನಿವಾರ ಸಂಜೆ ಅವಳು ಗೆಲ್ಲುತ್ತಿದ್ದಳು, ನಮ್ಮ ಒಂದು ವೋಟೂ ಇಲ್ಲದೆ. ಭಾನುವಾರ ನಾವು ಮೊದಲ ಪಂಕ್ತಿಗೋಸ್ಕರ ಅವಳನ್ನು ಬೀಳಿಸಿದೆವು. ಮೋಸ ಮಾಡಿದವರು ನಾವು.” ಇಬ್ಬರು ಮೂವರು ಬೇರೆಯಾಗಿ ಫೋನ್ ಮಾಡಿ ಸರಿ ಹೇಳಿದಿರಿ ಎಂದರು, ಗುಂಪಿನಲ್ಲಿ ಮಾತ್ರ ಬರೆಯಲಿಲ್ಲ. ಟ್ರೆಷರರು ಎದುರಿಗೆ ಸಿಕ್ಕರೂ ಮಾತಾಡುವುದಿಲ್ಲ. ಅಧ್ಯಕ್ಷರು ಆ ಸಂದೇಶವನ್ನು ಅಳಿಸಿದರು, ಅಷ್ಟು ಮಾಡಿದರು. ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ.

ಫಲಿತಾಂಶ ಬಂದ ವಾರದ ಶನಿವಾರ ಬೆಳಿಗ್ಗೆ ಅತ್ತೆ ಕಾಫಿ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತು, ಆ ಹುಡುಗಿ ಆಡುವುದು ಸಿಗುತ್ತದಾ ನೋಡು ಎಂದರು. ಹುಡುಕಿದೆ. ಯಾವುದೋ ಸಣ್ಣ ಊರಿನ ಸಣ್ಣ ಟೂರ್ನಮೆಂಟು, ಅದೇ ಕಂಬದ ಕ್ಯಾಮೆರಾ, ಖಾಲಿ ಬೆಂಚು. ನಿಯಮವೇನು, ಅಂಕ ಹೇಗೆ ಎಂದು ಅತ್ತೆ ಕೇಳಲಿಲ್ಲ. ಮೊದಲ ಸೆಟ್ಟು ಹುಡುಗಿ ಸೋತಳು. ಎರಡನೆಯದರಲ್ಲಿ ಅವಳ ಸರ್ವ್ ಹೊರಳಿಕೊಂಡು ಹೊರಗೆ ಹೋಗತೊಡಗಿತು. ಎದುರಿನವಳು ಗೆರೆಯಾಚೆ ಓಡಿದಳು, ಮತ್ತೆ ಓಡಿದಳು. ಅತ್ತೆ ಲೋಟ ಕೆಳಗಿಟ್ಟರು.

“ಇವಳು ಎಡಗೈಯವಳಾ?”

ಹೌದು ಎಂದೆ. ಸುಮಾರು ಹೊತ್ತು ಅವರು ಆಟವನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ತಾನು ಚಿಕ್ಕವಳಿದ್ದಾಗ ಎಡಗೈಯಲ್ಲಿ ಬರೆದದ್ದಕ್ಕೆ, ಉಂಡದ್ದಕ್ಕೆ ಅಪ್ಪ ಬೆರಳ ಗಂಟಿನ ಮೇಲೆ ಹೊಡೆದು ಹೊಡೆದು ಬಲಗೈ ಮಾಡಿಸಿದ್ದನ್ನು ಹೇಳಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ಪರದೆಯ ಮೇಲೆ ಹುಡುಗಿ ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು ಮೇಲಕ್ಕೆ ಎಸೆದಳು.

“ನಮ್ಮವಳಂತೆ,” ಎಂದರು ಅತ್ತೆ. “ನಮ್ಮಲ್ಲೇ ಬೆಳೆದಿದ್ರೆ ಈ ಕೈಯನ್ನು ಉಳಿಸ್ತಿದ್ವಾ ನಾವು?”